ಮನೆಯಲ್ಲೇ ನೀಬೋರ್ಡ್: ಪುಕ್ಕಟೆ ಸಿಕ್ಕ ರೆಸಿನ್ ಯಾಕೆ ಬೇಡ?

ಪ್ರಶ್ನೆ: “ನಾನು ಸುರತ್ಕಲ್ ಹತ್ತಿರದವನು. ವಯಸ್ಸು 27, ತೂಕ 68 ಕೆ.ಜಿ. ಮುಲ್ಕಿಯಲ್ಲಿ ಸರ್ಫಿಂಗ್ ಕಲಿತಿದ್ದೇನೆ. ಬೈಕ್‌ನಿಂದ ಬಿದ್ದು ಎಡಪಾದದ ಗಂಟಿಗೆ ಪೆಟ್ಟಾದ ಮೇಲೆ ಬೋರ್ಡ್ ಮೇಲೆ ಎದ್ದು ನಿಲ್ಲುವುದು ಕಷ್ಟ. ಮಂಡಿಯೂರಿ ಆಡುವ ನೀಬೋರ್ಡ್ ನನಗೆ ಸರಿಹೋಗಬಹುದು ಅನ್ನಿಸಿತು. ಇಲ್ಲಿ ಎಲ್ಲೂ ಸಿಗಲಿಲ್ಲ. ಹೊರಗಿನಿಂದ ತರಿಸಿದರೆ ಸಾಗಾಣಿಕೆ ಖರ್ಚೇ ಜಾಸ್ತಿ. ಹಾಗಾಗಿ ಮನೆಯಲ್ಲೇ ಮಾಡಲು ಹೊರಟಿದ್ದೇನೆ. ಪ್ಯಾಕಿಂಗ್‌ಗೆ ಬಂದ ದಪ್ಪ ಥರ್ಮಾಕೋಲ್ ಇದೆ. ಪರಿಚಯದ ಬೋಟ್ ಯಾರ್ಡ್‌ನವರು ಪಾಲಿಯೆಸ್ಟರ್ ರೆಸಿನ್ (ಕಲಸಿದ ಮೇಲೆ ಗಟ್ಟಿಯಾಗುವ ಅಂಟು ದ್ರವ), ಗ್ಲಾಸ್ ಮ್ಯಾಟ್ (ಗಾಜಿನ ಎಳೆಗಳ ಹಾಸು) ಎರಡನ್ನೂ ಪುಕ್ಕಟೆ ಕೊಡುತ್ತೇವೆ ಅಂದಿದ್ದಾರೆ. ಆ ರೆಸಿನ್ ಥರ್ಮಾಕೋಲನ್ನು ಕರಗಿಸುತ್ತದೆ ಅಂತ ಒಂದು ವಿಡಿಯೋ ಹೇಳುತ್ತದೆ. ಮೊದಲು ಮರದ ಗೋಂದು ಬಳಿದರೆ ಏನೂ ಆಗುವುದಿಲ್ಲ ಅಂತ ಇನ್ನೊಂದು. ಯಾವುದು ನಿಜ? ಚಮಚದ ಹಾಗೆ ತೆಳುವಾಗಿರುವ ಹಳೆಯ ಬೋರ್ಡ್‌ಗಳ ಚಿತ್ರ ನೋಡಿದೆ, ಅದನ್ನೇ ನಕಲು ಮಾಡಬಹುದಾ? ಕೆಮಿಕಲ್ ಎಲ್ಲ ವಿಷ, ಮನೆಯೊಳಗೆ ತರಬೇಡ ಅಂತ ಅಪ್ಪ ಹೇಳುತ್ತಿದ್ದಾರೆ.”

ಉತ್ತರ: ಮೊದಲು ನೇರ ಮಾತು. ಮನೆಯಲ್ಲಿ ನೀಬೋರ್ಡ್ ಮಾಡಬಹುದು, ಖಂಡಿತ ಮಾಡಿ. ಆದರೆ ನಿಮ್ಮ ಕೈಯಲ್ಲಿರುವ ಥರ್ಮಾಕೋಲ್ ಮತ್ತು ಪುಕ್ಕಟೆ ಸಿಗುವ ರೆಸಿನ್, ಇವೆರಡನ್ನು ಜೋಡಿಸಬೇಡಿ. ಫೈಬರ್ ಕೆಲಸದಲ್ಲಿ ಮೊದಲು ಫೋಮ್ ಗೊತ್ತಾಗಬೇಕು. ಯಾವ ರೆಸಿನ್, ಯಾವ ಬಟ್ಟೆ ಅನ್ನುವುದನ್ನು ಆ ಫೋಮೇ ಹೇಳುತ್ತದೆ. ನೀವು ರೆಸಿನ್ ಕಡೆಯಿಂದ ಶುರು ಮಾಡಿದ್ದೀರಿ. ಪುಕ್ಕಟೆ ಸಿಕ್ಕಾಗ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಅದಕ್ಕೂ ಮುಂಚೆ ನಿಮ್ಮ ಕಾಲಿನ ವಿಷಯ. ನಿಲ್ಲಲು ಆಗದವರಿಗೆ ನೀಬೋರ್ಡ್ ಸುಲಭ ಅನ್ನುವ ಮಾತು ಅರ್ಧ ಮಾತ್ರ ನಿಜ. ನೀಬೋರ್ಡ್ ಮೇಲೆ ಕೂರುವುದು ಹೆಚ್ಚುಕಡಿಮೆ ವಜ್ರಾಸನದ ಭಂಗಿ. ಮಂಡಿ ಪೂರ್ತಿ ಮಡಚಿರುತ್ತದೆ, ಪಾದದ ಗಂಟು ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅಲೆ ಹಿಡಿಯಲು ಕಾಲಿಗೆ ಈಜುವ ಫಿನ್, ಅಂದರೆ ಬಾತುಕೋಳಿ ಪಾದದಂಥ ರಬ್ಬರ್ ಕಾಲುಚೀಲ, ಬೇರೆ ಬೇಕು. ಅದನ್ನು ಒದೆಯುವಾಗ ಪೆಟ್ಟಾದ ಗಂಟಿನ ಮೇಲೇ ಒತ್ತಡ ಬೀಳುತ್ತದೆ. ಇವತ್ತೇ ಚಾಪೆ ಹಾಸಿ 10 ನಿಮಿಷ ವಜ್ರಾಸನದಲ್ಲಿ ಕೂತು ನೋಡಿ. ಆಮೇಲೆ ಫಿನ್ ಯಾರ ಹತ್ತಿರವಾದರೂ ಕೇಳಿ ತಂದು, ಕೆರೆಯಲ್ಲೋ ಈಜುಕೊಳದಲ್ಲೋ ಅರ್ಧ ಗಂಟೆ ಒದ್ದು ನೋಡಿ. ಗಂಟಿನಲ್ಲಿ ಚುಚ್ಚಿದ ಹಾಗೆ ನೋವು ಬಂದರೆ, ಮಂಡಿ ಮಡಚುವಾಗ ಸಿಕ್ಕಿಕೊಂಡ ಹಾಗೆ ಆದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಬೋರ್ಡ್ ಆಮೇಲೆ.

ಈಗ ವಿಡಿಯೋಗಳ ಜಗಳಕ್ಕೆ ಬರೋಣ. ಕರಗುತ್ತದೆ ಅಂದವರು ಹೇಳಿದ್ದು ಸರಿ. ಪಾಲಿಯೆಸ್ಟರ್ ರೆಸಿನ್ ತೆಳುವಾಗಿ ಹರಿಯಲಿ ಅಂತ ಅದರಲ್ಲಿ ಸ್ಟೈರೀನ್ ಅನ್ನುವ ದ್ರಾವಕ ಇರುತ್ತದೆ. ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್. ಸ್ಟೈರೀನ್ ತಾಗಿದ ಕಡೆ ಅದು ಕರಗಿ ಗುಳಿ ಬೀಳುತ್ತದೆ. ಅನುಮಾನ ಇದ್ದರೆ ಯಾರ್ಡ್‌ನಲ್ಲೇ ಒಂದು ತುಂಡಿನ ಮೇಲೆ ನಾಲ್ಕು ಹನಿ ಹಾಕಿಸಿ ನೋಡಿ. ಸ್ವಲ್ಪ ಹೊತ್ತಿಗೆ ಬಿಳಿ ಮಣಿಗಳು ಕುಗ್ಗಿ ಅಂಟಿನ ಥರ ಆಗುತ್ತವೆ.

ಗೋಂದು ಬಳಿದರೆ ತಪ್ಪುತ್ತದಾ? ಬಳಿದ ಪದರ ಎಲ್ಲೂ ಒಂದು ಸೂಜಿಮೊನೆಯಷ್ಟೂ ತೂತಿಲ್ಲದೆ ಕೂತರೆ ರೆಸಿನ್ ಒಳಗೆ ಹೋಗುವುದಿಲ್ಲ, ನಿಜ. ಆದರೆ ಥರ್ಮಾಕೋಲಿನ ಮಣಿಗಳ ಮಧ್ಯೆ ಸಂದುಗಳು ತುಂಬಾ. ಒಂದು ತೂತು ಉಳಿದರೂ ರೆಸಿನ್ ಅಲ್ಲಿಂದ ಇಳಿದು ಒಳಗೇ ಗುಹೆ ಕೊರೆಯುತ್ತದೆ. ಮೇಲಿನಿಂದ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮಾಮೂಲಿ ಬಿಳಿ ಮರದ ಗೋಂದು ನೀರಿಗೆ ನಿಲ್ಲುವುದಿಲ್ಲ. ಬೋರ್ಡ್‌ಗೆ ಒಂದು ಸಣ್ಣ ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಹೋಗಿ ಆ ಗೋಂದಿನ ಪದರ ಮೆತ್ತಗಾಗುತ್ತದೆ. ನಿಮ್ಮ ಫೈಬರ್ ಚರ್ಮ ಫೋಮಿಗೆ ಅಂಟಿಕೊಂಡಿರುವುದೇ ಆ ಪದರದ ಮೇಲೆ. ಅದು ಬಿಟ್ಟಿತು ಅಂದರೆ ಬೋರ್ಡ್ ಮುಗಿಯಿತು.

ಇದು ನೀಬೋರ್ಡ್‌ಗೆ ಇನ್ನೂ ಜಾಸ್ತಿ ಅನ್ವಯ. ಬೋರ್ಡ್ ಅಲೆಗೆ ಸಿಕ್ಕಿ ಎರಡು ತುಂಡಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ನೀಬೋರ್ಡ್ ಗಿಡ್ಡ, ಅಗಲ. ಅದು ಹಾಗೆ ಮುರಿಯುವುದು ಕಡಿಮೆ. ಅದು ಹಾಳಾಗುವುದು ಮೊಣಕಾಲಿನ ಕೆಳಗೆ. ನಿಂತಾಗ ಭಾರ ಎರಡು ಪಾದಕ್ಕೆ ಹರಡಿರುತ್ತದೆ. ಮಂಡಿಯೂರಿದಾಗ ಎರಡು ಸಣ್ಣ ಮೂಳೆತುದಿಗಳ ಮೇಲೆ ಬೀಳುತ್ತದೆ, ಅದೂ ಪ್ರತಿ ಅಲೆಗೂ ಅದೇ ಜಾಗದಲ್ಲಿ. ಕೆಳಗಿನ ಫೋಮ್ ಒಂದೊಂದೇ ಮಣಿಯಾಗಿ ಜಜ್ಜಿಹೋಗುತ್ತದೆ. ಮೇಲಿನ ಫೈಬರ್ ಬಿಟ್ಟುಕೊಂಡು ಗುಳ್ಳೆಯಂತಾಗುತ್ತದೆ. ರಿಪೇರಿಗೆ ಬಂದ ಬೋರ್ಡ್ ಕೈಗೆ ಸಿಕ್ಕರೆ ನಾನು ಮೊದಲು ಒಂದು ನಾಣ್ಯ ತಗೊಂಡು ಡೆಕ್ (ಬೋರ್ಡಿನ ಮೇಲ್ಮೈ) ಮೇಲೆ ಟಕ್ ಟಕ್ ಅಂತ ಬಡಿಯುತ್ತಾ ಹೋಗುತ್ತೇನೆ. ಗಟ್ಟಿ ಇರುವ ಕಡೆ ಚುರುಕಾದ ಸದ್ದು. ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು. ಮೇಲೆ ಬಣ್ಣ, ಹೊಳಪು ಎಷ್ಟು ಚೆನ್ನಾಗಿದ್ದರೂ ಆ ಸದ್ದು ಮುಚ್ಚುವುದಿಲ್ಲ.

ಹಾಗಾಗಿ ಪ್ಯಾಕಿಂಗ್ ಥರ್ಮಾಕೋಲ್ ಬೇಡ. ಅದು ಒಂದು ಘನ ಮೀಟರಿಗೆ ಸಾಮಾನ್ಯವಾಗಿ 10ರಿಂದ 15 ಕೆ.ಜಿ. ಇರುತ್ತದೆ. ಬೋರ್ಡ್‌ಗೆ 24ರಿಂದ 32 ಕೆ.ಜಿ.ಯ ದಟ್ಟ ಥರ್ಮಾಕೋಲ್ ಬೇಕು. ಅಂಗಡಿಯವರ ಮಾತು ನಂಬಬೇಕಿಲ್ಲ, ತಕ್ಕಡಿ ಇದ್ದರೆ ಸಾಕು. 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 100 ಮಿ.ಮೀ. ದಪ್ಪದ ಹಲಗೆ 1.2 ಕೆ.ಜಿ. ತೂಗಿದರೆ ಅದು 24ರ ದಟ್ಟಣೆ. 600 ಗ್ರಾಂ ಬಂದರೆ ಅಲ್ಲೇ ಬಿಟ್ಟು ಬನ್ನಿ. ಥರ್ಮಾಕೋಲ್ ತಯಾರಿಸುವ ಕಡೆ ನೇರವಾಗಿ ಕೇಳಿದರೆ ದೊಡ್ಡ ಬ್ಲಾಕಿನಿಂದ 1.8 ಮೀಟರ್ ಉದ್ದ, 60 ಸೆಂ.ಮೀ. ಅಗಲ, 125 ಮಿ.ಮೀ. ದಪ್ಪಕ್ಕೆ ಕತ್ತರಿಸಿ ಕೊಡುತ್ತಾರೆ. ಇಷ್ಟು ದಪ್ಪ ಯಾಕೆ ಅಂದರೆ, ಮೂತಿ ಮೇಲಕ್ಕೆ ಏಳಬೇಕಲ್ವಾ, ಆ ಬಾಗು ಬ್ಲಾಕಿನೊಳಗಿಂದಲೇ ಬರಬೇಕು.

ಇದರ ಮೇಲೆ ಎಪಾಕ್ಸಿ ರೆಸಿನ್ ಮಾತ್ರ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಥರ್ಮಾಕೋಲ್ ಕರಗುವುದಿಲ್ಲ. ಪಾಲಿಯೆಸ್ಟರ್‌ಗಿಂತ ದುಬಾರಿ, ಹೌದು. ನಿಮ್ಮ ಬೋರ್ಡ್‌ಗೆ ವ್ಯರ್ಥವಾಗುವುದೂ ಸೇರಿ 2 ಕೆ.ಜಿ. ಆಸುಪಾಸು ಸಾಕಾಗುತ್ತದೆ. ಯಾರ್ಡ್‌ನ ಮ್ಯಾಟ್ ಕೂಡ ಇಲ್ಲಿ ಕೆಲಸಕ್ಕೆ ಬಾರದು. ಆ ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಸ್ಟೈರೀನ್‌ನಲ್ಲಿ ಕರಗಲಿ ಅಂತಲೇ ಮಾಡಿದ್ದು. ಎಪಾಕ್ಸಿಯಲ್ಲಿ ಅದು ಸರಿಯಾಗಿ ನೆನೆಯುವುದಿಲ್ಲ. ಜೊತೆಗೆ ಮ್ಯಾಟ್ ತನ್ನ ತೂಕದ ಎರಡು ಪಟ್ಟಿಗಿಂತ ಜಾಸ್ತಿ ರೆಸಿನ್ ಕುಡಿಯುತ್ತದೆ. ದೋಣಿಗೆ ಆ ತೂಕ ನಡೆಯುತ್ತದೆ, ಬೋರ್ಡ್‌ಗೆ ನಡೆಯುವುದಿಲ್ಲ. ನೀವು ಕೇಳಬೇಕಾದ್ದು ನೇಯ್ದ ಗ್ಲಾಸ್ ಬಟ್ಟೆ, ಚದರ ಮೀಟರಿಗೆ 200 ಗ್ರಾಂ ತೂಕದ್ದು.

ಆ ಚಮಚದ ಬೋರ್ಡ್ ಬಗ್ಗೆ ಕೇಳಿದ್ದೀರಿ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಜಾರ್ಜ್ ಗ್ರೀನೋ ತನಗಾಗಿ ತಾನೇ ಮಾಡಿಕೊಂಡ ನೀಬೋರ್ಡ್‌ಗಳು ಅವು. ಅದರಲ್ಲಿ ‘ವೆಲೋ’ ಅನ್ನುವುದು ಹೆಸರುವಾಸಿ. ಅಂಚಿಗೆ, ಮೂತಿಗೆ ಮಾತ್ರ ಫೋಮ್. ನಡುಭಾಗ ಬರೀ ಫೈಬರ್. ಅಲೆಯ ಒತ್ತಡಕ್ಕೆ ಬಾಗಿ, ಮತ್ತೆ ಪುಟಿಯುತ್ತಿತ್ತು. ಗ್ರೀನೋ ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ಅಲ್ಲಿನ ಸರ್ಫರ್‌ಗಳು ಅವನ ತಿರುವುಗಳನ್ನು ನೋಡಿ ತಮ್ಮ ಉದ್ದನೆಯ ಬೋರ್ಡ್‌ಗಳನ್ನೇ ಬದಲಿಸಲು ಹೊರಟರು. 1966ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಆಸ್ಟ್ರೇಲಿಯಾದ ನ್ಯಾಟ್ ಯಂಗ್ ವಿಶ್ವ ಚಾಂಪಿಯನ್ ಆದಾಗ ಅವನ ಬೋರ್ಡಿನಡಿ ಇದ್ದದ್ದು ಗ್ರೀನೋ ಪ್ರಭಾವದ ಫಿನ್, ಅಂದರೆ ಬೋರ್ಡಿನ ತಳಕ್ಕೆ ಕೂರಿಸುವ ರೆಕ್ಕೆ. ಮನೆಯಲ್ಲಿ ಕೂತು ಮಾಡಿದ ಮಂಡಿ ಬೋರ್ಡೊಂದು ಇಡೀ ಸರ್ಫಿಂಗಿನ ದಾರಿ ತಿರುಗಿಸಿತು. ನನಗೆ ಅದರ ಮೇಲೆ ತುಂಬಾ ಗೌರವ.

ಆದರೆ ನೀವು ಅದನ್ನು ನಕಲು ಮಾಡಬೇಡಿ. ಆ ಬೋರ್ಡ್ ಸರಿಯಾಗಿ ತೇಲುವುದೇ ಇಲ್ಲ. ಅದಕ್ಕೆ ಕಡಿದಾದ, ಒತ್ತಡ ಇರುವ ಅಲೆ ಬೇಕು. ನಮ್ಮ ಕರಾವಳಿಯ ಮರಳು ತಳದ ಅಲೆ ಬಹುಪಾಲು ದಿನ ಮೆತ್ತಗೆ, ನಿಧಾನ. ಸಸಿಹಿತ್ಲು ಅಳಿವೆಯಲ್ಲಿ ಒಳ್ಳೆಯ ದಿನಗಳು ಬರುತ್ತವೆ, ನಿಜ, ಆದರೆ ಬೋರ್ಡನ್ನು ಮಾಮೂಲಿ ದಿನಕ್ಕೆ ಮಾಡಬೇಕು. ನಿಮ್ಮ ತೂಕಕ್ಕೆ 5 ಅಡಿ 8 ಇಂಚು ಉದ್ದ, 23 ಇಂಚು ಅಗಲ, ನಡುವೆ ಎರಡೂವರೆ ಇಂಚು ದಪ್ಪ ಇಟ್ಟುಕೊಳ್ಳಿ. ಸುಮಾರು 40 ಲೀಟರ್ ಗಾತ್ರ ಬರುತ್ತದೆ. ಹಿಂಭಾಗ ಅಗಲವಾಗಿರಲಿ, ನಿಮ್ಮ ಭಾರವೆಲ್ಲ ಅಲ್ಲೇ ಇರುತ್ತದೆ. ಮೂತಿಯ ಏರು 4 ಇಂಚು ಸಾಕು, ಬಾಲದ್ದು ಒಂದೂವರೆ. ಜಾಸ್ತಿ ಬಾಗಿಸಿದರೆ ಮೆತ್ತಗಿನ ಅಲೆಯಲ್ಲಿ ಬೋರ್ಡ್ ನೀರು ತಳ್ಳುತ್ತಾ ನಿಂತುಬಿಡುತ್ತದೆ.

ಥರ್ಮಾಕೋಲ್ ಕತ್ತರಿಸಲು ಬಿಸಿ ತಂತಿ ಬಳಸುತ್ತಾರೆ. ಇಲ್ಲಿ ಒಂದು ಅಪಾಯದ ಮಾತು ಹೇಳಲೇಬೇಕು. ಕೆಲವರು ಮನೆಯ ಕರೆಂಟಿಗೆ ಫ್ಯಾನಿನ ರೆಗ್ಯುಲೇಟರ್ ಹಾಕಿ, ಅದರಿಂದ ನೇರ ನೈಕ್ರೋಮ್ ತಂತಿಗೆ ಕೊಡುತ್ತಾರೆ. ರೆಗ್ಯುಲೇಟರ್ ಬಿಸಿ ಕಡಿಮೆ ಮಾಡುತ್ತದೆಯೇ ಹೊರತು ಶಾಕ್‌ನಿಂದ ಕಾಪಾಡುವುದಿಲ್ಲ. ಬರಿಗಾಲು, ಬೆವರಿದ ಕೈ, ತೆರೆದ ತಂತಿ. ಪ್ರಾಣ ಹೋಗುತ್ತದೆ. 12 ವೋಲ್ಟಿನ ಬ್ಯಾಟರಿ ಅಥವಾ ಸರಿಯಾದ ಟ್ರಾನ್ಸ್‌ಫಾರ್ಮರ್ ಮಾತ್ರ. ಬಯಲು ಗಾಳಿಯಲ್ಲಿ ಕತ್ತರಿಸಿ, ಆ ಹೊಗೆ ಒಳ್ಳೆಯದಲ್ಲ. ಉಜ್ಜುವಾಗ ಹಾರುವ ಮಣಿಗಳನ್ನು ಟಾರ್ಪಾಲ್ ಹಾಸಿ, ಸುತ್ತ ಹಳೆಯ ಸೊಳ್ಳೆಪರದೆ ಕಟ್ಟಿ ಹಿಡಿಯಿರಿ. ಗಾಳಿಗೆ ಬಿಟ್ಟರೆ ಅವು ಹೋಗಿ ಸೇರುವುದು ನಾವು ಆಡುವ ಸಮುದ್ರಕ್ಕೇ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಆಕಾರಕ್ಕೆ ಅರ್ಧ ಬೋರ್ಡಿನ ಅಚ್ಚನ್ನು ಹಾರ್ಡ್‌ಬೋರ್ಡಿನಲ್ಲಿ ಕತ್ತರಿಸಿ, ನಡುಗೆರೆಗೆ ಇಟ್ಟು ಎರಡೂ ಕಡೆ ತಿರುಗಿಸಿ ಗೆರೆ ಎಳೆಯಿರಿ. ಎಡ ಬಲ ಸಮ ಬರುತ್ತದೆ. ಅಂಚು ಮುಂದೆ ದುಂಡಗಿರಲಿ, ಬಾಲದ ಕಡೆ ಕೆಳಗಿನ ಅಂಚು ಚೂಪಾಗಲಿ. ಉಜ್ಜಿ ಮುಗಿದ ಮೇಲೆ ಒಂದು ದಪ್ಪ ಹಾಸಿನ ಮೇಲಿಟ್ಟು, ಮೆತ್ತನೆಯ ಬಟ್ಟೆ ಹಾಕಿಕೊಂಡು ನಿಧಾನವಾಗಿ ಮಂಡಿಯೂರಿ ಕೂತು, ಮೊಣಕಾಲು ಎಲ್ಲಿ ಬರುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ನಡುಭಾಗಕ್ಕಿಂತ ಸ್ವಲ್ಪ ಹಿಂದೆ ಬಂದರೆ ಸರಿ. ಈ ಗುರುತು ನಿಮಗೆ ಮುಂದೆ ಬೇಕು.

ಫೈಬರ್ ಹಾಕುವ ದಿನ. ಮೊದಲು ಮಣಿಗಳ ಸಂದನ್ನು ಹಗುರ ಫಿಲ್ಲರಿನಿಂದ ತುಂಬಿ, ಇಲ್ಲದಿದ್ದರೆ ಫೋಮ್ ರೆಸಿನ್ ಕುಡಿದು ಬೋರ್ಡ್ ಭಾರವಾಗುತ್ತದೆ. ಕೆಲಸ ಸಂಜೆ ಶುರು ಮಾಡಿ. ಇದಕ್ಕೆ ಕಾರಣ ಇದೆ. ಬಿಸಿಲೇರುವ ಹೊತ್ತಿನಲ್ಲಿ ಥರ್ಮಾಕೋಲಿನೊಳಗಿನ ಗಾಳಿ ಹಿಗ್ಗಿ, ಹಸಿ ರೆಸಿನ್ನಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ತಂಪು ಇಳಿಯುವ ಹೊತ್ತಿಗೆ ಅದೇ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೇಗ ಗಟ್ಟಿಯಾಗಲಿ ಅಂತ ಬಿಸಿಲಿಗೆ ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಬೇಡ. ರೆಸಿನ್ ಗಟ್ಟಿಯಾಗುವುದು ಒಣಗಿ ಅಲ್ಲ, ಹಾರ್ಡನರ್ ಜೊತೆ ಕೂಡಿ. ಇದೇ ಕಾರಣಕ್ಕೆ, ಬೇಗ ಆಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವುದೂ ತಪ್ಪು. ಎಪಾಕ್ಸಿಯಲ್ಲಿ ಅಳತೆ ತಪ್ಪಿದರೆ ಬೋರ್ಡ್ ಶಾಶ್ವತವಾಗಿ ಮೆತ್ತಗೇ ಉಳಿಯುತ್ತದೆ. ಡಬ್ಬಿಯ ಮೇಲೆ ಬರೆದ ಪ್ರಮಾಣ ತೂಕದ್ದೋ ಗಾತ್ರದ್ದೋ ನೋಡಿ. ತೂಕದ್ದಾದರೆ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಗಾತ್ರದ್ದಾದರೆ ಅಳತೆಯ ಕಪ್ಪಿನಲ್ಲಿ ಅಳೆಯಿರಿ. ಹಿಂದಿನ ದಿನ 30 ಗ್ರಾಂ ಕಲಸಿ ಪರೀಕ್ಷೆ ಮಾಡಿ. ಒಂದು ಸಲಕ್ಕೆ 300 ಗ್ರಾಂಗಿಂತ ಜಾಸ್ತಿ ಕಲಸಬೇಡಿ. ಆಳವಾದ ಕಪ್ಪಿನಲ್ಲಿ ಬಿಟ್ಟರೆ ಅದು ತಾನೇ ಬಿಸಿಯೇರಿ ಹೊಗೆಯಾಡುತ್ತದೆ.

ಕೆಳಭಾಗಕ್ಕೆ ಎರಡು ಪದರ ಬಟ್ಟೆ, ಅಂಚು ದಾಟಿ ಎರಡು ಇಂಚು ಮೇಲಕ್ಕೆ ಮಡಚಿ. ಅದು ಗಟ್ಟಿಯಾದ ಮೇಲೆ ತಿರುಗಿಸಿ ಡೆಕ್‌ಗೆ ಎರಡು ಪದರ. ಮೊಣಕಾಲಿನ ಗುರುತು ಇದ್ದ ಕಡೆ ಇನ್ನೂ ಎರಡು ತುಂಡು, ಒಂದು ದೊಡ್ಡದು, ಒಂದು ಅದಕ್ಕಿಂತ ಚಿಕ್ಕದು. ರೆಸಿನ್ ಜಾಸ್ತಿ ಇದ್ದರೆ ಗಟ್ಟಿ ಅನ್ನುವುದು ಸುಳ್ಳು. ಬಲ ಇರುವುದು ಬಟ್ಟೆಯಲ್ಲಿ. ಬಟ್ಟೆ ಪಾರದರ್ಶಕವಾಗುವಷ್ಟು ನೆನೆದ ಮೇಲೆ ಉಳಿದದ್ದನ್ನು ರಬ್ಬರ್ ಪಟ್ಟಿಯಿಂದ ಎಳೆದು ತೆಗೆಯಿರಿ. ನೇಯ್ಗೆಯ ಗೆರೆ ಕೈಗೆ ಸಿಗುವ ಹಾಗಿರಬೇಕು, ಅದನ್ನು ಆಮೇಲಿನ ತೆಳು ಪದರ ಮುಚ್ಚುತ್ತದೆ. ಹೀಗೆ ಮಾಡಿದರೆ ಬೋರ್ಡ್ 3ರಿಂದ 4 ಕೆ.ಜಿ. ಒಳಗೆ ಬರುತ್ತದೆ. ಇಷ್ಟಾದ ಮೇಲೂ ಮೊಣಕಾಲಿನಡಿಗೆ ದಪ್ಪ ರಬ್ಬರ್ ಪ್ಯಾಡ್ ಅಂಟಿಸಲೇಬೇಕು. ಅದು ಬೋರ್ಡಿಗೂ ಬೇಕು, ನಿಮ್ಮ ಮಂಡಿ ಚಿಪ್ಪಿಗೂ ಬೇಕು.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದರ ಮೇಲೆ ಹಾಕಿದ ಪದರ ಅಂಟುವುದಿಲ್ಲ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಆಗಲೂ ಪ್ರತಿ ಪದರದ ನಂತರ ನೀರು ಹಾಕಿ ಸ್ಕ್ರಬ್ಬರಿನಿಂದ ತಿಕ್ಕಿ, ಒರೆಸಿ, ಆಮೇಲೆ ಉಜ್ಜಿ.

ಈಗ ನಿಮ್ಮ ಅಪ್ಪನ ಮಾತು. ಅವರು ಹೆದರುವುದರಲ್ಲಿ ಅರ್ಥವಿದೆ. ಎಪಾಕ್ಸಿಗೆ ವಾಸನೆ ಕಡಿಮೆ, ಹಾಗಾಗಿ ಅಪಾಯ ಇಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಅದರ ಹಾರ್ಡನರ್ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು. ಒಮ್ಮೆ ಬಂತು ಅಂದರೆ ಹೋಗುವುದು ಕಷ್ಟ, ಮುಂದೆ ಸ್ವಲ್ಪ ತಾಗಿದರೂ ತುರಿಕೆ, ಗುಳ್ಳೆ. ನೈಟ್ರೈಲ್ ಕೈಗವಸು, ತುಂಬುತೋಳಿನ ಅಂಗಿ ಹಾಕಿ. ಚರ್ಮಕ್ಕೆ ಬಿದ್ದರೆ ಸೋಪು ನೀರಿನಲ್ಲಿ ತೊಳೆಯಿರಿ, ಥಿನ್ನರ್ ಹಚ್ಚಬೇಡಿ. ಗ್ಲಾಸ್ ಉಜ್ಜುವಾಗ ಎನ್-95 ಮಾಸ್ಕ್. ಆದರೆ ಅದು ಧೂಳಿಗೆ ಮಾತ್ರ, ರೆಸಿನ್ ಆವಿಗೆ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮನೆಯೊಳಗೆ ಬೇಡ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಮೂರು ಕಡೆ ತೆರೆದ ಶೆಡ್ ಆಗಲಿ.

ಪಾಲಿಯೆಸ್ಟರ್ ಇದಕ್ಕಿಂತ ಅಪಾಯ. ಯಾರ್ಡ್‌ನವರು ಅದರ ಜೊತೆ ಎರಡು ಬಾಟಲಿ ಕೊಡುತ್ತಾರೆ. ಒಂದು ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್, ಇನ್ನೊಂದು ನೀರಿನಂತೆ ಕಾಣುವ ಪೆರಾಕ್ಸೈಡ್ ಹಾರ್ಡನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಸೇರಿಸಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಆ ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ತಕ್ಷಣ 15 ನಿಮಿಷಕ್ಕೆ ಕಡಿಮೆಯಿಲ್ಲದೆ ಹರಿಯುವ ನೀರಿನಲ್ಲಿ ತೊಳೆದು, ಕಣ್ಣಾಸ್ಪತ್ರೆಗೆ ಓಡಬೇಕು. ಸ್ಟೈರೀನ್ ಆವಿಗೆ ನಮ್ಮ ಸೆಕೆಯ ದಿನದ ಉಷ್ಣತೆಯಲ್ಲೇ ಕಿಡಿ ತಾಗಿದರೆ ಬೆಂಕಿ ಹಿಡಿಯುತ್ತದೆ. ದಿನಾ ಅದರಲ್ಲೇ ಕೆಲಸ ಮಾಡುವವರಿಗೆ ಈ ಅಭ್ಯಾಸಗಳು ಕೈಗೆ ಬಂದಿರುತ್ತವೆ. ಮೊದಲ ಸಲ ಮುಟ್ಟುವವರು ಅದನ್ನು ಹಿತ್ತಲಲ್ಲಿ ಒಬ್ಬರೇ ಮಾಡುವುದು ಸರಿಯಲ್ಲ.

ಇಷ್ಟೆಲ್ಲ ಕೇಳಿ ಕೈ ಹಿಂದೆ ಸರಿದರೆ ಇನ್ನೆರಡು ದಾರಿ ಇವೆ. ಸರ್ಫಿಂಗ್ ಕಲಿಸುವ ಕಡೆ ಮುರಿದ ಬೋರ್ಡ್ ಕೇಳಿ. ಉದ್ದ ಬೋರ್ಡಿನ ಆರಡಿ ತುಂಡು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ, ಬಾಗು, ದಪ್ಪ ಎಲ್ಲ ಅದರಲ್ಲೇ ಇದೆ. ಒಳಗಿರುವುದು ಹಳದಿ ಛಾಯೆಯ, ಮಣಿ ಇಲ್ಲದ ನುಣುಪು ಫೋಮ್ ಆದರೆ ಅದು ಪಾಲಿಯುರೆಥೇನ್. ಪಾಲಿಯೆಸ್ಟರಿಗೂ ಕರಗುವುದಿಲ್ಲ. ಅದನ್ನು ಗರಗಸದಿಂದ ಮಾತ್ರ ಕತ್ತರಿಸಿ. ಬಿಸಿ ತಂತಿ ಹಿಡಿದರೆ ವಿಷದ ಹೊಗೆ ಬರುತ್ತದೆ, ಅದರಲ್ಲಿ ಸೈನೈಡ್ ಅನಿಲವೂ ಇರುತ್ತದೆ. ನೀರು ಕುಡಿದ ತುಂಡಾದರೆ ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿ.

ಇನ್ನೊಂದು, 12 ಮಿ.ಮೀ. ಮರೀನ್ ಪ್ಲೈವುಡ್. ಐಎಸ್ 710 ಅಂತ ಮುದ್ರೆ ಇರುವುದನ್ನು ನೋಡಿ ತಗೊಳ್ಳಿ. ನಾಲ್ಕು ಅಡಿಯ ಹಲಗೆ ಕತ್ತರಿಸಿ, ಅಂಚು ದುಂಡಗೆ ಉಜ್ಜಿ, ವಾರ್ನಿಷ್ ಹೊಡೆದರೆ ಆಯಿತು. ಹವಾಯಿಯವರ ಪೈಪೋ ಅನ್ನುವ ಗಿಡ್ಡ ಹಲಗೆ ಇದೇ ಬಗೆಯದು. ತೇಲುವುದು ಕಡಿಮೆ, ಹೊಟ್ಟೆಯ ಮೇಲೆ ಮಲಗಿಯೇ ಹಿಡಿಯಬೇಕು, ಸಣ್ಣ ಅಲೆಯಲ್ಲಿ ಆಗೊಮ್ಮೆ ಈಗೊಮ್ಮೆ ಮಂಡಿಗೆ ಏರಬಹುದು. ಆದರೆ ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ, ಫಿನ್ ಒದೆಯುವುದು ನಿಮ್ಮ ಕಾಲಿಗೆ ಆಗುತ್ತದೋ ಇಲ್ಲವೋ ಅಲೆಯಲ್ಲೇ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ನೀವು ಇದರಿಂದಲೇ ಶುರು ಮಾಡಿ. ಕಾಲು ಒಪ್ಪಿದರೆ ಡಿಸೆಂಬರಿನಲ್ಲಿ ಎಪಾಕ್ಸಿ ಬೋರ್ಡಿಗೆ ಕೈಹಾಕಿ.

ಬೋರ್ಡ್ ಆದ ಮೇಲೆ ಒಂದು ವಾರ ನೀರಿಗೆ ಇಳಿಸಬೇಡಿ, ರೆಸಿನ್ ಪೂರ್ತಿ ಬಲಿಯಲಿ. ಲೀಶ್ (ಬೋರ್ಡನ್ನು ನಿಮಗೆ ಕಟ್ಟಿಡುವ ಹಗ್ಗ) ಕಟ್ಟುವ ಪ್ಲಗ್ಗನ್ನು ಬರೀ ಥರ್ಮಾಕೋಲಿಗೆ ನೆಡಬೇಡಿ, ಕಿತ್ತು ಬರುತ್ತದೆ. ಸುತ್ತ ಗಟ್ಟಿ ಫೋಮಿನ ತುಂಡು ಕೂರಿಸಿ, ಮೇಲೆ ಬಟ್ಟೆ ಹಾಕಿ. ಬಣ್ಣ ಬಿಳಿಯೇ ಇರಲಿ, ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬೇಡಿ. ಮೊದಲ ದಿನಗಳಲ್ಲಿ ಸೊಂಟದ ಮಟ್ಟದ ನೀರಿನಲ್ಲಿ, ಒಡೆದ ಬಿಳಿ ನೊರೆಯಲ್ಲಿ, ಜನ ಇಲ್ಲದ ಕಡೆ ಆಡಿ. ಜೊತೆಗೆ ಈಜು ಬಲ್ಲವರು ಒಬ್ಬರಿರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಮುದ್ರ ಒರಟು, ಸೆಳೆತ ಜೋರು. ಹೊಸ ಬೋರ್ಡ್ ಪರೀಕ್ಷೆಗೆ ಅದು ಕಾಲವಲ್ಲ.

ಯಾರ್ಡ್‌ನವರ ಪುಕ್ಕಟೆ ರೆಸಿನ್ ವ್ಯರ್ಥವಾಗಬೇಕಿಲ್ಲ. ಬೋರ್ಡಿನಡಿಯ ಫಿನ್‌ಗಳಿಗೆ ಬೇಕಾದ ಗಟ್ಟಿ ಹಲಗೆಯನ್ನು ಅವರ ಹತ್ತಿರವೇ, ಅವರ ಕೈಯಿಂದಲೇ ಮಾಡಿಸಿಕೊಳ್ಳಿ. ನೇಯ್ದ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಹಾಕಿ 7 ಮಿ.ಮೀ. ದಪ್ಪ ಬರಿಸಿದರೆ ಸಾಕು. ಮೂರು ಫಿನ್ ಕತ್ತರಿಸಿ, ಬುಡವನ್ನು ಒರಟಾಗಿ ಉಜ್ಜಿ, ಎಪಾಕ್ಸಿಯಲ್ಲಿ ಬೋರ್ಡಿಗೆ ಕೂರಿಸಿ. ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಹಾಗೆ ಹಿಡಿಯುವುದಿಲ್ಲ, ಮುಂದೆ ರಿಪೇರಿ ಮಾಡುವಾಗ ಇದು ನೆನಪಿರಲಿ. ಫಿನ್‌ನ ಅಂಚನ್ನು ಮಾತ್ರ ಮೊಂಡಾಗಿಯೇ ಬಿಡಿ. ನೀಬೋರ್ಡಿನಿಂದ ಬೀಳುವಾಗ ನಿಮ್ಮ ತೊಡೆ, ಮೀನಖಂಡ ಅದರ ಹತ್ತಿರವೇ ಇರುತ್ತದೆ.